ಎರಡು ರಾಶಿ ಅವರೆಕಾಯಿ

ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿನಲ್ಲಿ, ಹುಣಸೆ ಗೊಜ್ಜಿನ ಬಾಟಲಿಯ ಪಕ್ಕದಲ್ಲಿ, ಒಂದು ಕಾಯಿಲೆ ಇದೆ. ಹೌದು, ಕಾಯಿಲೆಯೇ. ಮನುಷ್ಯರದ್ದಲ್ಲ, ಹುಳದ್ದು. ಹಳೆಯ ಜೇನಿನ ಬಾಟಲಿಯಲ್ಲಿ ಕಂದು ನೀರಿನ ಹಾಗೆ ಕಾಣುತ್ತದೆ. ಅದರ ಮೇಲೆ 'ಹುಳಕ್ಕೆ ಮಾತ್ರ' ಎಂದು ಕೆಂಪು ಪೆನ್ನಿನಲ್ಲಿ ದಪ್ಪಗೆ ಬರೆದು ಅಂಟಿಸಿದ್ದೇನೆ. ಚೀಟಿ ಅಂಟಿಸುವ ಮೊದಲು ಒಂದು ದಿನ ನಮ್ಮೆಜಮಾನರು ಶಿಫ್ಟು ಮುಗಿಸಿ ಬಂದವರು, ಹಸಿವಿನ ಭರದಲ್ಲಿ ಅದನ್ನೇ ಗೊಜ್ಜೆಂದು ತಿಳಿದು ಬಿಸಿ ಅನ್ನದ ಮೇಲೆ ಬಗ್ಗಿಸಲು ಹೊರಟಿದ್ದರು. ನಾನು ಕೂಗಿದ ಕೂಗಿಗೆ ಮೇಲಿನ ಮನೆಯ ಬಾಡಿಗೆಯವರೂ ಇಳಿದು ಬಂದರು. ಅವತ್ತಿನಿಂದ ಯಜಮಾನರು ಫ್ರಿಜ್ಜಿನ ನೀರನ್ನೂ ಮೂಸಿ ನೋಡಿಯೇ ಕುಡಿಯುತ್ತಾರೆ.

ನೀವು ನಮ್ಮ ಮನೆಗೆ ಬಂದರೆ ಹೆದರಬೇಡಿ, ಮಜ್ಜಿಗೆ ಬೇರೆ ಪಾತ್ರೆಯಲ್ಲಿದೆ. ಆದರೆ ಆ ಬಾಟಲಿಯನ್ನು ಮಾತ್ರ ನಾನು ಬಿಸಾಡುವವಳಲ್ಲ. ಅದಕ್ಕಾಗಿ ನಾನು ಅತ್ತೆಯ ಜೊತೆ ಮಾತು ಬಿಟ್ಟಿದ್ದೇನೆ, ಇಡೀ ಅಪಾರ್ಟ್‌ಮೆಂಟಿನವರು ಕಿಟಕಿ ಹಾಕಿಕೊಳ್ಳುವಂತೆ ಮಾಡಿದ್ದೇನೆ, ರಾಹುಕಾಲವನ್ನೂ ಎದುರು ಹಾಕಿಕೊಂಡಿದ್ದೇನೆ.

ಬೇಗೂರಿನಲ್ಲಿ ನಮ್ಮದು ಮೂರಂತಸ್ತಿನ ಮನೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ಹಿಂದೆ ಒಂದು ತುಂಡು ಜಮೀನು ಉಳಿದಿದೆ. ಅದರ ಒಂದು ಕಡೆ ಅಪಾರ್ಟ್‌ಮೆಂಟಿನ ಕಾಂಪೌಂಡು, ಇನ್ನೊಂದು ಕಡೆ ಹುಡುಗರ ಪಿ.ಜಿ. ಬ್ರೋಕರುಗಳು ಅದನ್ನು ಸೈಟು ಎನ್ನುತ್ತಾರೆ. ನಮ್ಮತ್ತೆ ಪುಟ್ಟಮ್ಮನವರು ಅದನ್ನು ಅವರೆ ಹೊಲ ಎನ್ನುತ್ತಾರೆ. ಸೈಟು ಎಂದವರಿಗೆ ಅವರು ಕಾಫಿ ಕೊಡುವುದಿಲ್ಲ. ಹಾಗಾಗಿ ಪ್ರತಿವರ್ಷ ಚಳಿ ಬೀಳುವ ಹೊತ್ತಿಗೆ ನಮ್ಮ ಹಿತ್ತಲಿನ ತುಂಬ ಅವರೆ ಹೂ ಬಿಡುತ್ತದೆ. ಬೆಳಗಿನ ಮಂಜು ಬಿದ್ದು ಸೊಗಡು ಏಳುತ್ತದೆ. ಆ ವಾಸನೆಗೆ ಅಪಾರ್ಟ್‌ಮೆಂಟಿನ ಬಾಲ್ಕನಿಗಳಲ್ಲಿ ಲ್ಯಾಪ್‌ಟಾಪು ಹಿಡಿದವರು ಕೂಡ ಒಮ್ಮೆ ತಲೆ ಎತ್ತುತ್ತಾರೆ.

ಸೊಗಡಿನ ವಿಷಯ ಬಂದರೆ ನನಗೆ ತವರು ನೆನಪಾಗುತ್ತದೆ. ನನ್ನ ತವರು ಎಲೆಕ್ಟ್ರಾನಿಕ್ ಸಿಟಿಯ ಒಳಗೆ ಎಲ್ಲೋ ಇದೆ. ಎಲ್ಲಿ ಎಂದು ಬೆರಳು ಮಾಡಿ ತೋರಿಸಲು ಈಗ ನನಗೂ ಕಷ್ಟ. ನಮ್ಮಜ್ಜಿ ಜಗುಲಿಯಲ್ಲಿ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದಳು. ಹುಳ ಬಂದರೆ ಅಂಗಳಕ್ಕೆ ಎಸೆಯುತ್ತಿದ್ದಳು. ಕೋಳಿಗಳು ಅವಳ ಕೈಯನ್ನೇ ನೋಡುತ್ತ ನಿಂತಿರುತ್ತಿದ್ದವು. ನಾನು ಮತ್ತು ನನ್ನ ತಮ್ಮ ದಪ್ಪ ಹುಳಗಳನ್ನು ಆರಿಸಿ ಓಟದ ಪಂದ್ಯ ಕಟ್ಟುತ್ತಿದ್ದೆವು. ನನ್ನ ಹುಳ ಯಾವಾಗಲೂ ಅರ್ಧ ದಾರಿಯಲ್ಲಿ ಸುರುಳಿ ಸುತ್ತಿಕೊಂಡು ಮಲಗಿಬಿಡುತ್ತಿತ್ತು. ಓದಿನಲ್ಲೂ ನಾನು ಹಾಗೆಯೇ ಎಂದು ಅಪ್ಪ ಹೇಳುತ್ತಿದ್ದರು.

ಅದೇ ಅಪ್ಪ ಮುಂಜಾನೆ ಮಂಜು ಆರುವ ಮೊದಲು, ಹಳೇ ಪಂಚೆಯ ತುಂಡಿನಲ್ಲಿ ಬಿಳಿ ಪುಡಿ ಕಟ್ಟಿಕೊಂಡು ಹೊಲಕ್ಕೆ ಇಳಿಯುತ್ತಿದ್ದರು. ಗಂಟನ್ನು ಕೋಲಿನಿಂದ ತಟ್ಟುತ್ತ ಹೋದರೆ ಗಿಡದ ಮೇಲೆಲ್ಲ ಪುಡಿ ಕೂರುತ್ತಿತ್ತು. ಮೂಗಿಗೆ ಬಟ್ಟೆ ಇಲ್ಲ, ಕಾಲಿಗೆ ಚಪ್ಪಲಿ ಇಲ್ಲ. ವಾಪಸು ಬರುವಾಗ ಹುಬ್ಬೆಲ್ಲ ಬೆಳ್ಳಗಾಗಿರುತ್ತಿತ್ತು. ಅದನ್ನು ನೋಡಿ ನಾವು ನಗುತ್ತಿದ್ದೆವು, ಅಪ್ಪನೂ ನಗುತ್ತಿದ್ದರು. ಆ ಪುಡಿಗೆ ನಮ್ಮ ಕಡೆ ಔಷಧಿ ಎಂದೇ ಹೆಸರು. ಆದರೆ ಅಪ್ಪ ಹೊಲದ ಅಂಚಿನ ಒಂದು ಸಾಲಿಗೆ ಮಾತ್ರ ಗಂಟು ತಟ್ಟುತ್ತಿರಲಿಲ್ಲ. ಅದು ಮನೆ ಸಾಲು, ನಾವು ತಿನ್ನುವುದು. ಉಳಿದದ್ದು ಮಾರುವ ಸಾಲು. ಹುಳ ಬಿದ್ದರೂ ಪರವಾಗಿಲ್ಲ, ಮನೆ ಸಾಲಿಗೆ ಔಷಧಿ ಸೋಕಬಾರದು.

ಮದುವೆಯಾಗಿ ಬೇಗೂರಿಗೆ ಬಂದೆ. ಇಲ್ಲಿ ಎಲ್ಲವೂ ಬೇರೆ ಇತ್ತು, ಸಾರಿನ ಪುಡಿಯಿಂದ ಹಿಡಿದು ಮನೆದೇವರ ತನಕ. ಮನೆ ಸಾಲು ಮಾತ್ರ ಇಲ್ಲೂ ಇತ್ತು. ಪುಡಿಯ ಬದಲು ಡಬ್ಬದ ಔಷಧಿ, ಕೋಲಿನ ಬದಲು ಬೆನ್ನಿಗೆ ಹಾಕುವ ಪಂಪು ಬಂದಿತ್ತು, ಅಷ್ಟೆ. ನಾನು ಕೂಡ ಏನೂ ಕೇಳದೆ ಮನೆ ಸಾಲಿನ ಕಾಯಿ ಕಿತ್ತು ಹಿತಕಿದ ಬೇಳೆ ಸಾರು ಮಾಡಿದೆ. ಎಲ್ಲರ ಮನೆಯಲ್ಲೂ ಹೀಗೇ ಇದ್ದರೆ ಕೇಳುವುದಕ್ಕೆ ಏನಿರುತ್ತದೆ ಹೇಳಿ?

ಕೇಳಿದವಳು ನಮ್ಮ ಮೇಲಿನ ಮನೆಯ ಶಿಲ್ಪ. ದಾವಣಗೆರೆ ಕಡೆಯ ಹುಡುಗಿ. ಇಲ್ಲೇ ಒಂದು ಕಂಪನಿಯಲ್ಲಿ ಕೆಲಸ. ಹೋದ ವರ್ಷ ಅವರೆಯ ಕಾಲಕ್ಕೆ ಅವಳು ಬಸುರಿ. ಗೇಟಿನ ಮುಂದೆ ಗೋಣಿತಾಟು ಹಾಸಿ ನಾವು ಮಾರುತ್ತಿದ್ದ ಕಾಯನ್ನು ಅವಳು ದಿನಾ ಕೊಳ್ಳಲು ಬರುತ್ತಿದ್ದಳು. "ನಿಮ್ಮದೇ ಹೊಲದ್ದಲ್ವಾ ಆಂಟಿ, ನಂಬಿಕೆ ಮೇಲೆ ತಗೋಬಹುದು" ಎನ್ನುತ್ತಿದ್ದಳು. ಒಂದು ದಿನ ಅವಳು ರಾಶಿಗೆ ಕೈ ಹಾಕಿದಾಗ ಅತ್ತೆ ತಡೆದರು.

"ಅದು ಬ್ಯಾಡ ಕಣವ್ವ. ಒಳಗೈತೆ, ಅದ್ರಲ್ಲಿ ಕೊಡ್ತೀನಿ ಇರು."

"ಯಾಕಜ್ಜಿ, ಇದು ಚೆನ್ನಾಗಿಲ್ವಾ?"

"ಚೆಂದಾಗೈತೆ. ಅದು ಮಾರಕ್ಕೆ."

"ನಾನೂ ದುಡ್ಡು ಕೊಟ್ಟೇ ತಗೊಳ್ಳೋದಲ್ವಾ ಅಜ್ಜಿ?"

ಅತ್ತೆ ಎದ್ದು ಬಾಗಿಲ ಹಿಂದಿನಿಂದ ಮೊರ ತುಂಬಿ ತಂದರು. ಅವರು ಹಾಗೆ ಮಾಡಿದ್ದು ಕಕ್ಕುಲಾತಿಯಿಂದ. ಬಸುರಿ ಹೆಂಗಸು ಒಳ್ಳೆಯದು ತಿನ್ನಲಿ ಎಂದೇ. ಶಿಲ್ಪ ದಡ್ಡಿಯಲ್ಲ. ಒಂದು ಸಲ ಗೇಟಿನ ರಾಶಿ ನೋಡಿದಳು, ಒಂದು ಸಲ ಬಾಗಿಲ ಹಿಂದಿನ ಸಣ್ಣ ರಾಶಿ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಅತ್ತೆ ಕೊಟ್ಟದ್ದನ್ನು ತೆಗೆದುಕೊಂಡು ಹತ್ತಿ ಹೋದಳು. ಮಾರನೆಯ ದಿನದಿಂದ ಅವರೆಕಾಯಿ ಕೊಳ್ಳಲು ಇಳಿಯಲಿಲ್ಲ. ಅವತ್ತು ನನಗಾದ ನಾಚಿಕೆಯನ್ನು ಯಾವ ಬಣ್ಣವೂ ಹಚ್ಚದೆ ಹೇಳುತ್ತೇನೆ, ಊಟ ಸೇರಲಿಲ್ಲ.

ಅವಳು ಬಾಣಂತನಕ್ಕೆ ತವರಿಗೆ ಹೋದಳು. ನಾನು ಮಾತ್ರ ಒಂದು ನಿರ್ಧಾರಕ್ಕೆ ಬಂದಿದ್ದೆ. ಮುಂದಿನ ಬೆಳೆಗೆ ನಮ್ಮ ಹೊಲದಲ್ಲಿ ಎಲ್ಲ ಸಾಲೂ ಮನೆ ಸಾಲೇ. ಗೇಟಿನ ಮುಂದೆ ಒಂದೇ ರಾಶಿ.

ಇದನ್ನು ಹೇಳಿದ ದಿನ ಅತ್ತೆ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಹಿಂದೆ ಒಂದು ವರ್ಷ ಮಾವ ಔಷಧಿ ತರಲು ತಡ ಮಾಡಿದ್ದಕ್ಕೆ ಇಡೀ ಹೊಲ ಕಾಯಿಕೊರಕ ಹುಳಕ್ಕೆ ಹೋಗಿ, ಗಿಡ ಕಿತ್ತು ಹಸುವಿಗೆ ಹಾಕಿದ್ದನ್ನು ಅವರು ಕಣ್ಣಾರೆ ಕಂಡವರು. ಆ ಹೆದರಿಕೆ ಸುಮ್ಮನೆ ಹೋಗುವಂಥದ್ದಲ್ಲ.

"ನೋಡು ಜಯಾ, ಒಂದ್ ಬೆಳೆ ನಿಂಗೆ ಬುಟ್ಟಿವ್ನಿ. ಹುಳ ಬಿದ್ ತಿಂತು ಅಂದ್ರೆ ನನ್ ಡಬ್ಬ ನಾನ್ ತೆಗೀತೀನಿ. ಆಮ್ಯಾಕೆ ಈ ಮಾತು ಈ ಮನೇಲಿ ಎತ್ತಂಗಿಲ್ಲ."

"ಆಯ್ತು ಅತ್ತೆ" ಎಂದೆ. ಹೇಳುವಾಗ ಧೈರ್ಯವಾಗಿಯೇ ಹೇಳಿದೆ. ಅಡುಗೆಮನೆಗೆ ಹೋದ ಮೇಲೆ ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಊರಿನ ಆ ತುದಿಯಲ್ಲಿ ಒಂದು ಕೃಷಿ ಕೇಂದ್ರವಿದೆ. ಬಸ್ಸು ಬದಲಾಯಿಸಿ ಬದಲಾಯಿಸಿ ಅಲ್ಲಿಗೆ ಹೋದೆ. ಅಲ್ಲಿದ್ದ ಮೇಡಂ ಎಲ್ಲವನ್ನೂ ನಿಧಾನವಾಗಿ ಹೇಳಿಕೊಟ್ಟರು. ಹೊಲದ ಸುತ್ತ ಚೆಂಡುಹೂವು ಹಾಕಬೇಕು. ಪತಂಗ ಅವರೆ ಬಿಟ್ಟು ಅದರ ಮೇಲೆ ಮೊಟ್ಟೆ ಇಡುತ್ತದೆ. ನಡುನಡುವೆ ಕವಲು ಕೋಲು ನೆಟ್ಟರೆ ಗೊರವಂಕ ಬಂದು ಕೂತು ಹುಳ ಹೆಕ್ಕುತ್ತದೆ. ಅದನ್ನೂ ಮೀರಿ ಹುಳ ಬಂದರೆ, ಅವರೇ ಕೈಗೆ ಕೊಟ್ಟ ಒಂದು ಬಾಟಲಿ. ಹುಳಕ್ಕೆ ಮಾತ್ರ ಹಿಡಿಯುವ ವೈರಸ್ಸು. ಅದು ಎಲೆಯ ಮೇಲಿದ್ದರೆ, ಎಲೆ ತಿಂದ ಹುಳ ಕಾಯಿಲೆ ಹತ್ತಿ ಸಾಯುತ್ತದೆ. ಜೇನಿಗಾಗಲಿ, ಹಕ್ಕಿಗಾಗಲಿ, ನಮಗಾಗಲಿ ಅದು ಏನೂ ಮಾಡುವುದಿಲ್ಲ. "ಒಂದೇ ಮಾತು ನೆನಪಿಟ್ಕೊಳ್ಳಿ. ಬಿಸಿಲು ಅದಕ್ಕೆ ಆಗಲ್ಲ. ಸಂಜೆನೇ ಹೊಡೀಬೇಕು. ಹುಳ ಸಣ್ಣದಿದ್ದಾಗಲೇ ಹೊಡೀಬೇಕು. ಕಾಯೊಳಗೆ ಹೊಕ್ಕಮೇಲೆ ಯಾರೂ ಏನೂ ಮಾಡಕ್ಕಾಗಲ್ಲ" ಎಂದರು. ನೀರಿಗೆ ಒಂದು ಉಂಡೆ ಬೆಲ್ಲ, ಬಿಳಿ ಬಟ್ಟೆಗೆ ಹಾಕುವ ನೀಲಿ ಒಂದು ಚಿಟಿಕೆ ಬೆರೆಸಲು ಹೇಳಿದರು. ಬೆಲ್ಲ ಹುಳಕ್ಕೆ ರುಚಿಗೆ, ನೀಲಿ ಉಳಿದ ಬೆಳಕಿನಿಂದ ವೈರಸ್ಸನ್ನು ಕಾಪಾಡಲು.

ಚೆಂಡುಹೂವಿಗೆ ಅತ್ತೆ ಅಡ್ಡಿ ಮಾಡಲಿಲ್ಲ, ದೇವರಿಗಾಯಿತು ಎಂದರು. ಕೋಲು ನೆಡುವಾಗಲೂ ಸುಮ್ಮನಿದ್ದರು. ಗೊರವಂಕಗಳು ಬಂದವು, ಜೊತೆಗೆ ಅಪಾರ್ಟ್‌ಮೆಂಟಿನ ಪಾರಿವಾಳಗಳೂ ಬಂದು ಕೆಲಸವಿಲ್ಲದೆ ಕೂತವು. ಹೂ ಉದುರಿ ಎಳೆಗಾಯಿ ಕಚ್ಚುವ ಹೊತ್ತಿಗೆ, ಇಷ್ಟೆಲ್ಲ ಮಾಡಿದರೂ, ಎಲೆಯ ಅಡಿಯಲ್ಲಿ ಎಳ್ಳಿನಷ್ಟು ಹುಳಗಳು ಕಂಡವು. ಸರಿ, ಬಾಟಲಿಯ ಸರದಿ ಬಂತು.

ಪಂಪು ಹೊರುವುದು ಯಜಮಾನರ ಕೆಲಸ. ಅವರಿಗೆ ಬಿಡುವು ಭಾನುವಾರ ಮಾತ್ರ. ಭಾನುವಾರದ ರಾಹುಕಾಲ ಬರುವುದು ನೋಡಿ ಸರಿಯಾಗಿ ಸಂಜೆಗೇ. ನಾಲ್ಕೂವರೆಗೆ ಹಿಡಿದರೆ ಆರಕ್ಕೆ ಬಿಡುತ್ತದೆ. ಆರು ಗಂಟೆಗೆ ಚಳಿಗಾಲದಲ್ಲಿ ಕತ್ತಲು. "ರಾಹುಕಾಲದಾಗೆ ಹೊಸ ಕೆಲ್ಸ ಸುರು ಮಾಡದಾ? ನಾನ್ ಬದುಕಿರೋವರ್ಗೂ ಆಗಾಕಿಲ್ಲ" ಎಂದು ಅತ್ತೆ ಹಿತ್ತಲ ಬಾಗಿಲಿಗೆ ಅಡ್ಡ ಕೂತರು. ಯಜಮಾನರು ಶಾಂತಿಪ್ರಿಯರು. "ಸಂಜೆ ಅಂದ್ರೆ ಸಂಜೆನೇ ಆಗ್ಬೇಕೇನೇ? ಊಟ ಮಾಡ್ಕೊಂಡು ಎರಡು ಗಂಟೆಗೆ ಮುಗಿಸಿಬಿಡ್ತೀನಿ ಬಿಡು. ಅದೂ ಮಧ್ಯಾಹ್ನದ ಮೇಲೇನೇ ಅಲ್ವಾ" ಎಂದರು. ಮೇಡಂ ಹೇಳಿದ ಮಾತು ನನ್ನ ಬಾಯ ತುದಿಯಲ್ಲಿತ್ತು. ಹಬ್ಬದಂಥ ಭಾನುವಾರ ಜಗಳ ಯಾಕೆ ಎಂದು ನಾನೂ ಹೂಂ ಎಂದೆ.

ಸುಡುಸುಡು ಬಿಸಿಲು. ಸೋಡಾಪುಡಿ ಹಾಕಿ ತೊಳೆದ ಪಂಪು ಹೊತ್ತು ಯಜಮಾನರು ಎರಡು ಸಾಲು ಮುಗಿಸಿರಲಿಲ್ಲ, ಅಪಾರ್ಟ್‌ಮೆಂಟಿನ ಬಾಲ್ಕನಿಯಿಂದ ಒಬ್ಬರು ಕೂಗಿದರು. "ಸಾರ್, ಏನ್ ಸ್ಪ್ರೇ ಮಾಡ್ತಿದೀರ? ಮಕ್ಕಳಿದ್ದಾರೆ ಇಲ್ಲಿ!"

ಇಷ್ಟು ವರ್ಷ ಘಾಟು ಹೊಡೆಯುವ ಔಷಧಿ ಹೊಡೆದಾಗ ಒಬ್ಬರೂ ಕೇಳಿರಲಿಲ್ಲ. ಯಜಮಾನರು ಸತ್ಯವಂತರು. ತಲೆ ಎತ್ತಿ, "ಏನಿಲ್ಲ ಸಾರ್, ವೈರಸ್ಸು" ಎಂದರು. ಕಿಟಕಿಗಳು ಪಟಪಟನೆ ಮುಚ್ಚಿಕೊಂಡವು. ಸಂಜೆ ಅಪಾರ್ಟ್‌ಮೆಂಟಿನ ವಾಚ್‌ಮನ್ ಮಾಸ್ಕ್ ಹಾಕಿಕೊಂಡು ಬಂದು ವಿಚಾರಿಸಿದ. ಅವನಿಗೆ ವಿವರಿಸಿ ಹೇಳುವಷ್ಟರಲ್ಲಿ ನನಗೇ ಸಣ್ಣಗೆ ಕೆಮ್ಮು ಬಂದು, ಅವನು ಇನ್ನಷ್ಟು ಹಿಂದೆ ಸರಿದ.

ಮುಂದಿನದನ್ನು ನೀವೇ ಊಹಿಸಿರುತ್ತೀರಿ. ಬಿಸಿಲಿಗೆ ವೈರಸ್ಸು ಸತ್ತಿತು, ಹುಳ ಬದುಕಿತು. ಬೆಲ್ಲದ ನೀರು ಕುಡಿದು ಮೈ ಕೈ ತುಂಬಿಕೊಂಡವು. ಎಳ್ಳಿನಷ್ಟಿದ್ದವು ಭತ್ತದಷ್ಟಾದವು. ಕೆಲವು ಎಳೆಗಾಯಿಗೆ ಬಾಯಿ ಹಾಕಿದವು. ಅತ್ತೆ ಪಕ್ಕದ ಬೀದಿಯವರಿಗೆಲ್ಲ ಹೇಳಿಕೊಂಡು ಬಂದರು, "ನಮ್ ಸೊಸೆ ಅವರೆ ಹಾಕವ್ಳೆ, ಹುಳಕ್ಕೆ ಹಬ್ಬದೂಟ."

ಆದರೂ ಡಬ್ಬ ತೆಗೆಯಲು ನಾನು ಬಿಡಲಿಲ್ಲ. ಶನಿವಾರ ಮತ್ತೆ ಬಸ್ಸು ಹತ್ತಿದೆ. ಮೇಡಂ ನನ್ನ ಕಥೆ ಕೇಳಿ ನಗಲಿಲ್ಲ, ಅದೇ ಅವರ ದೊಡ್ಡತನ. "ಇವತ್ತು ನಾಳೆಯೊಳಗೆ ಹೊಡೀರಿ. ಇನ್ನು ತಡ ಮಾಡಿದ್ರೆ ಎಲ್ಲಾ ಕಾಯೊಳಗೆ ಹೋಗ್ಬಿಡ್ತವೆ" ಎಂದು ಇನ್ನೊಂದು ಬಾಟಲಿ ಕೊಟ್ಟರು. ಹೊಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿ ಮನೆ ಸೇರುವಾಗ ಕತ್ತಲಾಗಿತ್ತು. ಉಳಿದದ್ದು ಭಾನುವಾರ. ಯಜಮಾನರನ್ನು ಅವತ್ತೇ ಫ್ಯಾಕ್ಟರಿಯವರು ಓವರ್‌ಟೈಮಿಗೆ ಕರೆದರು.

ಐದು ಗಂಟೆಗೆ ಸೀರೆಯ ನೆರಿಗೆ ಎತ್ತಿ ಕಟ್ಟಿ, ಯಜಮಾನರ ಹಳೇ ಅಂಗಿ ಹಾಕಿಕೊಂಡು ನಾನೇ ಪಂಪು ಹೊತ್ತೆ. ಈ ಮನೆಯ ಹೆಂಗಸರು ಯಾರೂ ಅದನ್ನು ಹೊತ್ತಿರಲಿಲ್ಲ. ಭುಜದ ಪಟ್ಟಿ ಒಂದು ಕಡೆ ಜಾರಿ, ನಾನು ಕುಂಟುತ್ತ ಹೊರಟೆ. ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತಿದ್ದರು.

"ಜಯಾ, ರಾಹುಕಾಲ ಐತೆ."

"ಇರ್ಲಿ ಅತ್ತೆ. ಇವತ್ತು ಬಿಟ್ರೆ ನಾಳೆ ನೀವು ಡಬ್ಬ ತೆಗೀತೀರ. ಆಮೇಲೆ ಗೇಟಿನ ಮುಂದೆ ಒಂದು ರಾಶಿ, ಬಾಗಿಲ ಹಿಂದೆ ಒಂದು ರಾಶಿ. ನನ್ನ ಕೈಲಿ ಇನ್ನೊಂದು ವರ್ಷ ಅಲ್ಲಿ ಕೂರಕ್ಕಾಗಲ್ಲ. ಏನಾಗುತ್ತೋ ನನಗೇ ಆಗ್ಲಿ."

ಧ್ವನಿ ಸ್ವಲ್ಪ ಜೋರಾಗಿಯೇ ಬಂತು. ಪಿ.ಜಿ. ಹುಡುಗರು ಇಣುಕಿದರು. ಅತ್ತೆ ಹೊಲದ ಕಡೆ ನೋಡಿದರು. ಎಲೆಯ ಮೇಲೆ ಹುಳ ಆರಾಮಾಗಿ ಮೇಯುತ್ತಿತ್ತು. ಅವರಿಗೆ ಏನು ಹೊಳೆಯಿತೋ, ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಅಲ್ಲ ಕಣೇ, ರಾಹುಕಾಲ ಕೆಟ್ಟದ್ದು ಅಂದ್ರೆ ಯಾರ್ಗೆ? ಇವತ್ತು ಸುರುವಾಗ್ತಿರೋದು ಹುಳಿನ್ ಕಾಯ್ಲೆ. ಅದುಕ್ಕೆ ಒಳ್ಳೆ ಗಳಿಗೆ ನೋಡಿ ಯಾಕ್ ಹೊಡೀಬೇಕು? ಅದ್ರ ಪಾಲ್ಗೆ ರಾಹುಕಾಲವೇ ಸರಿ. ಹೋದ್ವಾರ ಒಳ್ಳೆ ಹೊತ್ನಾಗೆ ಹೊಡ್ದು ಅವಕ್ಕೇ ಒಳ್ಳೇದ್ ಮಾಡ್ಬುಟ್ವಿ ನೋಡು!"

ಇಷ್ಟು ಹೇಳಿ ನನಗಿಂತ ಮುಂದೆ ಹೊಲಕ್ಕೆ ಇಳಿದರು. ಅವರು ಗಿಡ ಬಾಗಿಸಿ ಎಲೆಯ ಅಡಿ ತೋರಿಸುತ್ತ ಹೋದರು, ನಾನು ಹೊಡೆಯುತ್ತ ಹೋದೆ. ಬೆಳಕು ಆರುವ ಹೊತ್ತಿಗೆ ಕೊನೆಯ ಸಾಲು ಮುಗಿಯಿತು. ನನ್ನ ಭುಜ ಬಿದ್ದುಹೋಗಿತ್ತು. ಅತ್ತೆಯ ಕೈ ಮೊಣಕೈ ತನಕ ನೀಲಿಯಾಗಿತ್ತು.

ಆದರೆ ಈ ಕಾಯಿಲೆಗೆ ಒಂದು ಕೆಟ್ಟ ಗುಣವಿದೆ, ಅವಸರವಿಲ್ಲ. ಡಬ್ಬದ ಔಷಧಿ ಹೊಡೆದರೆ ಮಾರನೆಯ ಬೆಳಗ್ಗೆ ಹುಳ ಉದುರಿರುತ್ತದೆ. ಇಲ್ಲಿ ಮಾರನೆಯ ದಿನವೂ ಹುಳ ತಿನ್ನುತ್ತಿತ್ತು, ಅದರ ಮಾರನೆಯ ದಿನವೂ ತಿನ್ನುತ್ತಿತ್ತು. ಅತ್ತೆಯ ಉತ್ಸಾಹ ಇಳಿಯಿತು. ಒಂದು ಬೆಳಗ್ಗೆ ಎದ್ದು ನೋಡಿದರೆ ಶೆಡ್ಡಿನಲ್ಲಿದ್ದ ಔಷಧಿಯ ಡಬ್ಬ ಜಗುಲಿಯ ಮೇಲೆ ಬಂದು ಕೂತಿದೆ. ನಾನು ಅದನ್ನು ಎತ್ತಿ ಶೆಡ್ಡಿನಲ್ಲೇ ಇಟ್ಟು, ಹೊರಗಿನಿಂದ ಬೀಗ ಹಾಕಿ, ಕೀಲಿಯನ್ನು ತಾಳಿಯ ಸರಕ್ಕೆ ಪಿನ್ನು ಹಾಕಿ ಸಿಕ್ಕಿಸಿಕೊಂಡೆ. ಅಲ್ಲಿಂದ ನಮ್ಮಿಬ್ಬರಿಗೂ ಮಾತಿಲ್ಲ. ಯಜಮಾನರ ಮೂಲಕ ಸಂದೇಶಗಳು ಓಡಾಡಿದವು. "ಅಮ್ಮ ಉಪ್ಪಿನಕಾಯಿ ಕೇಳ್ತಿದಾರೆ" ಎಂದು ಅವರು ಹೇಳುವುದು, ಮೂರಡಿ ದೂರದಲ್ಲಿ ಕೂತ ಅತ್ತೆಗೆ ನಾನು ಅವರ ಕೈಯಲ್ಲೇ ಉಪ್ಪಿನಕಾಯಿ ಕಳಿಸುವುದು. ನಿಜ ಹೇಳಬೇಕೆಂದರೆ ನನಗೂ ಭಯವಾಗಿತ್ತು. ಬೀಗ ತೆಗೆಯೋಣವೇ ಎಂದು ಕೀಲಿಯ ಮೇಲೆ ಕೈ ಹೋಗಿದ್ದೂ ಉಂಟು. ತೆಗೆಯಲಿಲ್ಲ. ಹುಳ ತಿಂದರೆ ತಿನ್ನಲಿ, ವಿಷ ಹೊಡೆದು ಮಾತ್ರ ಗೇಟಿನಲ್ಲಿ ಕೂರುವುದಿಲ್ಲ ಎಂದು ಹಲ್ಲು ಕಚ್ಚಿದೆ.

ಒಂದು ಬೆಳಗ್ಗೆ ಪೂಜೆಗೆ ಚೆಂಡುಹೂ ಕೀಳಲು ಹೋದ ಅತ್ತೆ ಮಾತು ಬಿಟ್ಟಿದ್ದನ್ನೂ ಮರೆತು ಕೂಗಿದರು. "ಏ ಜಯಾ! ಬಾರೇ ಇಲ್ಲಿ! ಇವಕ್ಕೇನ್ ಬಂತೇ?"

ಓಡಿದೆ. ಗಿಡಗಳ ತುದಿಯಲ್ಲಿ ಹುಳಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಒಂದಲ್ಲ ಎರಡಲ್ಲ, ಸಾಲಿಗೆ ಸಾಲೇ. ಮೈ ಬಿಳಿಚಿ ಮೆತ್ತಗಾಗಿ, ಮುಟ್ಟಿದರೆ ಒಡೆದು ನೀರಾಗುತ್ತಿದ್ದವು. ಕಾಯಿಲೆ ಬಿದ್ದ ಹುಳ ಗಿಡದ ತುದಿಗೆ ಹತ್ತಿ ಸಾಯುತ್ತದೆ, ಅದರಿಂದ ಉಳಿದವಕ್ಕೂ ಅಂಟುತ್ತದೆ ಎಂದು ಮೇಡಂ ಹೇಳಿದ್ದರು. ಹುಳ ಸತ್ತಿದ್ದಕ್ಕೆ ಅಷ್ಟು ಸಂತೋಷಪಡಬಾರದೇನೋ. ನಾನು ಪಟ್ಟೆ. ಹೊಲದ ನಡುವೆ ನಿಂತು ಅತ್ತೆಯ ಕೈ ಹಿಡಿದುಕೊಂಡು ಅತ್ತೂಬಿಟ್ಟೆ.

ಅತ್ತೆ ಅಳಲಿಲ್ಲ. ಅವರು ಸತ್ತ ಹುಳಗಳನ್ನು ತಟ್ಟೆಗೆ ಬಿಡಿಸಿಕೊಂಡು ಬಂದು, ಹಿತ್ತಲಲ್ಲಿ ಮಣ್ಣು ಹಿಡಿಯುತ್ತ ಬಿದ್ದಿದ್ದ ಹಳೇ ಒರಳನ್ನು ತೊಳೆಸಿದರು. "ಕಾಯ್ಲೆ ನಮ್ತಾವೇ ಬೆಳ್ದೈತಲ್ಲ, ಇನ್ನ ಬಸ್ ಚಾರ್ಜ್ ಕೊಟ್ಟು ಅಲ್ಗಂಟ ಯಾಕ್ ಹೋಗ್ಬೇಕು?" ಎಂದು ರುಬ್ಬಿದರು, ಹಳೇ ಪಂಚೆಯಲ್ಲಿ ಸೋಸಿದರು. ಹಿಂದೆ ಸರಿದು ಮೂಗು ಮುಚ್ಚಿಕೊಂಡು ನಿಂತವಳು ನಾನು. ಆ ರಸವನ್ನೇ ಉಳಿದ ಹುಳಕ್ಕೆ ಇನ್ನೊಂದು ಸಂಜೆ ಹೊಡೆದೆವು. ಫ್ರಿಜ್ಜಿನಲ್ಲಿರುವುದು ಅದರಲ್ಲಿ ಮಿಕ್ಕಿದ್ದು.

ಎಲ್ಲವೂ ಉಳಿಯಿತು ಎಂದರೆ ಸುಳ್ಳಾಗುತ್ತದೆ. ಮೊದಲ ಭಾನುವಾರದ ತಪ್ಪಿಗೆ ಕಾಂಪೌಂಡಿನ ಕಡೆಯ ಕಾಯಿ ಬಹಳಷ್ಟು ತೂತು ಬಿದ್ದು ಹೋಯಿತು. ಉಳಿದದ್ದು ಗಟ್ಟಿಯಾಗಿ ಕಾಳು ಕಟ್ಟಿತು.

ಮೊದಲ ಕೊಯ್ಲನ್ನು ಗೇಟಿನ ಮುಂದೆ ಒಂದೇ ರಾಶಿಯಾಗಿ ಸುರಿದು ನಾನೂ ಅತ್ತೆಯೂ ಕೂತೆವು. ಅಪಾರ್ಟ್‌ಮೆಂಟಿನ ಗಂಡಸರೊಬ್ಬರು ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು ರೇಟು ಕೇಳಿದರು. ನಾನು ತಕ್ಕಡಿ ಎತ್ತುವಷ್ಟರಲ್ಲಿ ಮಗು ಬಗ್ಗಿ ಒಂದು ಎಳೆಗಾಯಿ ಎತ್ತಿಕೊಂಡು ಕಚ್ಚಿತು.

"ಏ ಏ ಬೇಡ ಪುಟ್ಟ, ಔಷಧಿ ಹೊಡೆದಿರ್ತಾರೆ, ಉಗಿ ಉಗಿ" ಎಂದು ಅವರು ಗಾಬರಿಯಾಗಿ ಮಗುವಿನ ಬಾಯಿಗೆ ಬೆರಳು ಹಾಕಲು ಹೋದರು.

ಅತ್ತೆ ಕೂತಲ್ಲಿಂದಲೇ ಮುಂದೆ ಬಾಗಿ ಅವರ ಕೈ ಹಿಡಿದರು. ಗುರುತಿಲ್ಲದ ಗಂಡಸರ ಎದುರು ಸೆರಗು ಸರಿಮಾಡಿಕೊಂಡು ಮಾತಾಡುವ ಹೆಂಗಸು ಅವರು.

"ತಿನ್ನಲಿ ಬುಡಪ್ಪ. ರೋಡಿನ್ ಧೂಳ್ ಐತೆ, ಅಷ್ಟೇಯ. ನಾವು ಅದ್ರ ಮ್ಯಾಗೆ ವಿಸ ಆಕಿಲ್ಲ."

ಮಗು ಜೊಲ್ಲು ಸುರಿಸುತ್ತ ಪೂರ್ತಿ ತಿಂದು ಇನ್ನೊಂದಕ್ಕೆ ಕೈ ಚಾಚಿತು. ಅತ್ತೆ ರಾಶಿಯ ಕಡೆ ತಿರುಗಿಯೂ ನೋಡದೆ, ಕೈಗೆ ಸಿಕ್ಕಿದ ಕಾಯನ್ನು ತೆಗೆದು ಕೊಟ್ಟರು.